ಕೂಲಿ ಬಾಕಿಯ ತೀರ್ಪು ಜಾರಿಯಾಗುವ ಬಗೆ: ಸಣ್ಣ ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ಕಾಫಿ ಕುಯ್ಲು ಮುಗಿದು, ಅಡಿಕೆ ಒಣಗಿಸುವ ಕೆಲಸವೂ ಒಂದು ಹದಕ್ಕೆ ಬಂದಿದ್ದ ಹೊತ್ತಿನಲ್ಲಿ ನಮ್ಮ ಸಂಘದ ಕಚೇರಿಗೆ ಒಬ್ಬ ಸದಸ್ಯರು ಬಂದರು. ಅವರದು ಆರು ಎಕರೆ ತೋಟ. ಮೇಲೆ ಕಾಫಿ ಮತ್ತು ಮೆಣಸು, ಕೆಳಗೆ ಹಳ್ಳದ ಬದಿಯಲ್ಲಿ ಅಡಿಕೆ. ಕೈಯಲ್ಲಿ ತಹಸೀಲ್ದಾರರ ಕಚೇರಿಯಿಂದ ಬಂದ ನೋಟೀಸು ಇತ್ತು. ಮೂರು ಲಕ್ಷ ಎಂಬತ್ತು ಸಾವಿರ ಚಿಲ್ಲರೆ ರೂಪಾಯಿಯನ್ನು ಕಟ್ಟತಕ್ಕದ್ದು, ತಪ್ಪಿದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲಾಗುವುದು ಎಂದು ಅದರಲ್ಲಿ ಬರೆದಿತ್ತು. “ಈ ವರ್ಷದ ಕಂದಾಯ ಕಟ್ಟಿದ ರಸೀದಿ ನನ್ನ ಹತ್ತಿರ ಇದೆ. ಇದೆಂಥ ಬಾಕಿ ಮಾರಾಯ್ರೇ?” ಎಂದು ಅವರು ಕೇಳಿದರು.

ಅದು ಕಂದಾಯದ ಬಾಕಿಯಲ್ಲ, ಕೂಲಿಯ ಬಾಕಿ. ಹನ್ನೊಂದು ವರ್ಷ ಅವರ ಲೈನು ಮನೆಯಲ್ಲಿದ್ದು ಕೆಲಸ ಮಾಡಿದ ಒಬ್ಬ ಕಾಯಂ ಆಳನ್ನು, ಎರಡು ದಿನ ಹೇಳದೆ ರಜೆ ಮಾಡಿದನೆಂಬ ಜಗಳದಲ್ಲಿ, “ನಾಳೆಯಿಂದ ಬರಬೇಡ” ಎಂದು ಕಳಿಸಿದ್ದರು. ಆತ ಕಾರ್ಮಿಕ ಇಲಾಖೆಗೆ ಹೋದ. ರಾಜಿ ಸಂಧಾನಕ್ಕೆ ಕರೆದ ಕಾಗದ ಬಂತು, ಇವರು ಹೋಗಲಿಲ್ಲ. ಕಾರ್ಮಿಕ ನ್ಯಾಯಾಲಯದ ನೋಟೀಸು ಬಂತು, “ಬಂದಾಗ ನೋಡೋಣ” ಎಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ನ್ಯಾಯಾಲಯ ಏಕಪಕ್ಷೀಯವಾಗಿ ವಿಚಾರಣೆ ನಡೆಸಿ, ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು, ಹಿಂಬಾಕಿ ವೇತನ ಕೊಡಬೇಕು ಎಂದು ಐತೀರ್ಪು ನೀಡಿತು. ಅದನ್ನೂ ಇವರು ನೋಡಲಿಲ್ಲ. ಕೊನೆಗೆ ಆ ಐತೀರ್ಪೇ ತಹಸೀಲ್ದಾರರ ಕಚೇರಿಯ ಮೂಲಕ ಮನೆಯ ಬಾಗಿಲಿಗೆ ಬಂತು.

ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಆಳುಗಳ ಜೊತೆ ತಾವೂ ತೋಟಕ್ಕಿಳಿದು ಮರಗಸಿ ಮಾಡುವವರು, ಮದ್ದು ಹೊಡೆಯುವವರು. ‘ಮಾಲೀಕ’ ಎಂಬ ಮಾತು ದೊಡ್ಡ ಎಸ್ಟೇಟಿನವರಿಗೆ ಸೇರಿದ್ದು ಎಂದು ನಾವು ತಿಳಿದಿದ್ದೇವೆ. ಕಾನೂನು ಹಾಗೆ ತಿಳಿದಿಲ್ಲ. ಆದುದರಿಂದ ಕೂಲಿಯ ಬಗೆಗಿನ ತೀರ್ಪು ಅಥವಾ ಆದೇಶ ಹೇಗೆ ಜಾರಿಯಾಗುತ್ತದೆ, ಯಾವ ಹಂತದಲ್ಲಿ ನಮ್ಮ ಮಾತಿಗೆ ಬೆಲೆ ಇದೆ, ಯಾವ ಹಂತದಲ್ಲಿ ಇಲ್ಲ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ತೀರ್ಪು ಬೇರೆ, ಹಣ ಬೇರೆ

ನ್ಯಾಯಾಲಯ ತೀರ್ಪು ಕೊಟ್ಟ ಮಾತ್ರಕ್ಕೆ ಕಾರ್ಮಿಕನ ಕೈಗೆ ಹಣ ಬರುವುದಿಲ್ಲ. ಇದಕ್ಕೆ ನಮ್ಮ ದೇಶದ ಚಹಾ ತೋಟಗಳ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮುಚ್ಚಿದ ಹಾಗೂ ಕೈಬಿಟ್ಟ ಚಹಾ ತೋಟಗಳ ಕಾರ್ಮಿಕರ ವೇತನ, ಭವಿಷ್ಯನಿಧಿ ಮೊದಲಾದ ಬಾಕಿಗಳ ವಿಷಯವಾಗಿ 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅಸ್ಸಾಂ, ಪಶ್ಚಿಮ ಬಂಗಾಳ, ತಮಿಳುನಾಡು, ಕೇರಳದ ತೋಟಗಳು ಅದರಲ್ಲಿ ಸೇರಿದ್ದವು. 2010ರಲ್ಲಿ ಆದೇಶವಾಯಿತು. ಹಣ ಬರಲಿಲ್ಲ. 2012ರಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಸಲ್ಲಿಕೆಯಾಯಿತು. ಬಾಕಿ ಎಷ್ಟೆಂದು ಲೆಕ್ಕ ಹಾಕಲು ನಿವೃತ್ತ ನ್ಯಾಯಮೂರ್ತಿ ಅಭಯ ಮನೋಹರ ಸಪ್ರೆಯವರ ಸಮಿತಿಯನ್ನು ನೇಮಿಸಬೇಕಾಯಿತು. 2023ರಲ್ಲೂ ಸುಪ್ರೀಂ ಕೋರ್ಟು ಹಣ ಕೊಡಿರೆಂದು ಆದೇಶ ಮಾಡುತ್ತಲೇ ಇತ್ತು. ಅರ್ಜಿ ಹಾಕಿದಾಗ ಎಳೆಯರಾಗಿದ್ದ ಮಕ್ಕಳು ಅಷ್ಟರಲ್ಲಿ ತಾವೇ ದುಡಿಯುವ ವಯಸ್ಸಿಗೆ ಬಂದಿದ್ದರು.

ಕೂಲಿಕಾರನಿಗೆ ಕೂಲಿ ಎಂದರೆ ಅಂದಂದಿನ ಅಕ್ಕಿ. ಸಾಮಾನ್ಯ ಸಾಲಗಾರನಂತೆ ಆತ ಸಿವಿಲ್ ದಾವೆ ಹೂಡಿ ವರ್ಷಗಟ್ಟಲೆ ಕಾಯಲಾರ. ಇದನ್ನು ತಿಳಿದೇ ಕಾಯಿದೆ ಮಾಡಿದವರು ಕೂಲಿ ವಸೂಲಿಗೆ ಬೇರೆಯೇ ದಾರಿಗಳನ್ನು ಇಟ್ಟಿದ್ದಾರೆ. ತೋಟ ಬಿಟ್ಟು ಹೋದ ದೊಡ್ಡ ಕಂಪನಿಯ ಮೇಲೆ ಈ ದಾರಿಗಳು ನಿಧಾನವಾಗಿರಬಹುದು. ಆದರೆ ಊರಿನಲ್ಲೇ ಇರುವ, ತನ್ನ ಹೆಸರಿನಲ್ಲೇ ಪಹಣಿ ಇರುವ ಸಣ್ಣ ಬೆಳೆಗಾರನ ಮೇಲೆ ಇವು ನೇರವಾಗಿ ಬಂದು ನಾಟುತ್ತವೆ. ಇದನ್ನು ಸದಸ್ಯರು ಮರೆಯಬಾರದು.

ಕಾಯಿದೆ ಬದಲಾಗಿದೆ

ಬಹುಕಾಲ ನಾವು ಕೇಳುತ್ತಿದ್ದ ಹೆಸರುಗಳು 1936ರ ವೇತನ ಪಾವತಿ ಕಾಯಿದೆ, 1947ರ ಕೈಗಾರಿಕಾ ವಿವಾದಗಳ ಕಾಯಿದೆ ಮತ್ತು 1948ರ ಕನಿಷ್ಠ ವೇತನ ಕಾಯಿದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಇವುಗಳ ಜಾಗದಲ್ಲಿ ನಿಂತಿವೆ. ನಮ್ಮ ಇಂದಿನ ವಿಷಯಕ್ಕೆ ಬೇಕಾದವು ಎರಡು: 2019ರ ವೇತನ ಸಂಹಿತೆ ಮತ್ತು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ. ಹಳೆಯ ಕಾಯಿದೆ ಹೋಯಿತೆಂದು ಹಳೆಯ ಬಾಕಿ ಹೋಗಲಿಲ್ಲ. ಆಗಲೇ ನಡೆಯುತ್ತಿದ್ದ ಪ್ರಕರಣಗಳಾಗಲಿ, ಆಗಲೇ ಆದ ಐತೀರ್ಪುಗಳಾಗಲಿ ಅದರಿಂದ ಸತ್ತುಹೋಗಿಲ್ಲ.

ಇನ್ನೊಂದು ಮುಖ್ಯ ಬದಲಾವಣೆಯೂ ಉಂಟು. 1948ರ ಕಾಯಿದೆ ತನ್ನ ಪಟ್ಟಿಯಲ್ಲಿ ಹೆಸರಿಸಿದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕಾಫಿ ತೋಟ ಪಟ್ಟಿಯ ಮೊದಲ ಭಾಗದಲ್ಲೂ ವ್ಯವಸಾಯ ಎರಡನೆಯ ಭಾಗದಲ್ಲೂ ಇದ್ದವು. ವೇತನ ಸಂಹಿತೆಯಲ್ಲಿ ಅಂಥ ಪಟ್ಟಿಯೇ ಇಲ್ಲ. ಎಲ್ಲ ಉದ್ಯೋಗಗಳಿಗೂ ಅದು ಒಂದೇ ಸಮನಾಗಿ ಅನ್ವಯ. ಕಾಫಿ ಹಣ್ಣು ಬಿಡಿಸುವವರು, ಅಡಿಕೆ ಕೊನೆ ಇಳಿಸುವವರು, ಮನೆಯಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸರು, ಎಲ್ಲರೂ ಅದರೊಳಗೆ ಬಂದರು. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುತ್ತೇವೆ ಎಂದು ಹೇಳಿ ಕನಿಷ್ಠ ವೇತನದಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಐತೀರ್ಪನ್ನು ಜಾರಿ ಮಾಡಿಸುವ ದಾರಿಗಳು

ಕಾರ್ಮಿಕ ವಿವಾದದಲ್ಲಿ ಐತೀರ್ಪು ಆದಾಗ, ಅಥವಾ ಇಬ್ಬರೂ ಸಹಿ ಮಾಡಿದ ಒಪ್ಪಂದ ಮುರಿದಾಗ, ಕಾರ್ಮಿಕನಿಗೆ ಮೂರು ದಾರಿಗಳಿವೆ.

ಮೊದಲನೆಯದು ವಸೂಲಿ ಪ್ರಮಾಣಪತ್ರ. ಹಳೆಯ ಕಾಯಿದೆಯ 33ಸಿ ಕಲಂ, ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯ 59ನೆಯ ಕಲಂ ಇದನ್ನು ಹೇಳುತ್ತದೆ. ಬರಬೇಕಾದ ಮೊತ್ತ ಸ್ಪಷ್ಟವಾಗಿದ್ದರೆ ಕಾರ್ಮಿಕನು ಸರ್ಕಾರಕ್ಕೆ ಅರ್ಜಿ ಕೊಡುತ್ತಾನೆ. ಆತ ಬರವಣಿಗೆಯಲ್ಲಿ ಅಧಿಕಾರ ಕೊಟ್ಟ ಬೇರೊಬ್ಬರೂ ಕೊಡಬಹುದು. ಆತ ತೀರಿಹೋಗಿದ್ದರೆ ವಾರಸುದಾರರು ಕೊಡಬಹುದು. ಹಣ ಬಾಕಿ ಇರುವುದು ನಿಜವೆಂದು ಮನವರಿಕೆಯಾದರೆ ಸರ್ಕಾರ ಅಷ್ಟು ಮೊತ್ತಕ್ಕೆ ಪ್ರಮಾಣಪತ್ರ ಬರೆದು ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಅಲ್ಲಿಂದ ಮುಂದೆ ಅದು ಭೂಕಂದಾಯ ಬಾಕಿಯಂತೆ ವಸೂಲಾಗುತ್ತದೆ. ಅರ್ಜಿಗೆ ಒಂದು ವರ್ಷದ ವಾಯಿದೆ ಇದೆ. ಸಾಕಷ್ಟು ಕಾರಣವಿದ್ದರೆ ಆನಂತರವೂ ಸ್ವೀಕರಿಸಬಹುದು. “ವರ್ಷ ಕಳೆಯಿತು, ಇನ್ನು ಭಯವಿಲ್ಲ” ಎಂದು ನಾವು ಭಾವಿಸಬಾರದು.

ಎರಡನೆಯದು ಮೊತ್ತದ ಲೆಕ್ಕ. ಐತೀರ್ಪಿನಲ್ಲಿ “ಹಿಂಬಾಕಿ ವೇತನ ಕೊಡತಕ್ಕದ್ದು” ಎಂದಷ್ಟೇ ಇದ್ದು ಎಷ್ಟು ರೂಪಾಯಿ ಎಂಬುದು ಇಲ್ಲದಿದ್ದರೆ, ಅಥವಾ ಮೊತ್ತದ ಬಗ್ಗೆ ತಕರಾರು ಇದ್ದರೆ, ಆ ಲೆಕ್ಕವನ್ನು ಮೊದಲು ತೀರ್ಮಾನಿಸಬೇಕು. ಹಿಂದೆ ಇದು ಕಾರ್ಮಿಕ ನ್ಯಾಯಾಲಯದ ಕೆಲಸವಾಗಿತ್ತು. ಹೊಸ ಸಂಹಿತೆಯಲ್ಲಿ ನ್ಯಾಯಮಂಡಳಿಗೆ ವಹಿಸಿ, ಮೂರು ತಿಂಗಳೊಳಗೆ ಮುಗಿಸಬೇಕೆಂದು ಹೇಳಿದೆ. ಲೆಕ್ಕವಾದ ಮೊತ್ತ ಮತ್ತೆ ಮೊದಲ ದಾರಿಯಲ್ಲೇ ವಸೂಲಾಗುತ್ತದೆ. ಒಬ್ಬನೇ ಮಾಲೀಕನ ಕೈಕೆಳಗಿನ ಹಲವರು ಸೇರಿ ಒಂದೇ ಅರ್ಜಿ ಹಾಕಬಹುದು.

ಮೂರನೆಯದು ಡಿಕ್ರಿಯಂತೆ ಅಮಲ್ಜಾರಿ. 2010ರ ತಿದ್ದುಪಡಿಯಿಂದ ಐತೀರ್ಪನ್ನು ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಲು ಅವಕಾಶವಾಯಿತು. ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇದರಲ್ಲಿ ಸ್ವತ್ತಿನ ಜಪ್ತಿ, ಹರಾಜು ಎಲ್ಲವೂ ಸಾಧ್ಯ. ಆದರೆ ಬೇಸಾಯಗಾರ ತಾನು ವಾಸಿಸುವ ಮನೆ, ಬೇಸಾಯದ ಸಲಕರಣೆ, ದನ, ಬಿತ್ತನೆ ಬೀಜ ಇವಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ರಕ್ಷಣೆ ಉಂಟು.

ಇವಲ್ಲದೆ, ಐತೀರ್ಪಿನ ಷರತ್ತನ್ನು ಮುರಿಯುವುದು ಸ್ವತಃ ಒಂದು ಅಪರಾಧ. ಅದಕ್ಕೆ ದಂಡವೂ ಉಂಟು, ಸೆರೆವಾಸವೂ ಉಂಟು. ದಂಡ ಕಟ್ಟಿದ ಮಾತ್ರಕ್ಕೆ ಬಾಕಿ ತೀರಿತೆಂದು ಆಗುವುದಿಲ್ಲ.

ಕೂಲಿ ಕಡಿಮೆ ಕೊಟ್ಟ ತಕರಾರು

ಸಣ್ಣ ತೋಟಗಳಲ್ಲಿ ಹೆಚ್ಚಾಗಿ ಬರುವುದು ಕೆಲಸದಿಂದ ತೆಗೆದ ವಿವಾದವಲ್ಲ. ಕೂಲಿ ಕಡಿಮೆ ಕೊಟ್ಟರು, ತಡ ಮಾಡಿದರು, ಹಿಡಿದುಕೊಂಡರು ಎಂಬ ದೂರು. ಇದಕ್ಕೆ ವೇತನ ಸಂಹಿತೆಯ 45ನೆಯ ಕಲಂ. ಸರ್ಕಾರ ನೇಮಿಸಿದ ಗೆಜೆಟೆಡ್ ದರ್ಜೆಯ ಅಧಿಕಾರಿ ಇದನ್ನು ವಿಚಾರಿಸುತ್ತಾರೆ. ಕಾರ್ಮಿಕನೇ ಅರ್ಜಿ ಕೊಡಬಹುದು, ಅವನ ಸಂಘ ಕೊಡಬಹುದು, ಇಲಾಖೆಯ ಇನ್‌ಸ್ಪೆಕ್ಟರೂ ಕೊಡಬಹುದು.

ಇಲ್ಲಿ ಹಳತಕ್ಕೂ ಹೊಸತಕ್ಕೂ ಇರುವ ಎರಡು ವ್ಯತ್ಯಾಸಗಳನ್ನು ಸದಸ್ಯರು ಚೆನ್ನಾಗಿ ಗಮನಿಸಬೇಕು.

ಒಂದು, ವಾಯಿದೆ. ಹಿಂದೆ ಕನಿಷ್ಠ ವೇತನದ ಅರ್ಜಿಗೆ 6 ತಿಂಗಳು, ವೇತನ ಪಾವತಿಯ ಅರ್ಜಿಗೆ 12 ತಿಂಗಳು ಅವಧಿ ಇತ್ತು. ಈಗ 3 ವರ್ಷ.

ಎರಡು, ವಸೂಲಿಯ ಬಗೆ. ಹಿಂದೆ ಆದೇಶದ ಹಣವನ್ನು ಮ್ಯಾಜಿಸ್ಟ್ರೇಟರ ಮೂಲಕ, ಅವರು ವಿಧಿಸಿದ ದಂಡವೋ ಎಂಬಂತೆ ವಸೂಲು ಮಾಡುತ್ತಿದ್ದರು. ಈಗ ಆ ಅಧಿಕಾರಿಯೇ ಜಿಲ್ಲಾಧಿಕಾರಿಗೆ ವಸೂಲಿ ಪ್ರಮಾಣಪತ್ರ ಕಳಿಸುತ್ತಾರೆ. ಇಲ್ಲೂ ಭೂಕಂದಾಯ ಬಾಕಿಯ ದಾರಿಯೇ. ಅಂದರೆ ಕೂಲಿಯ ತಕರಾರು ಎಲ್ಲಿಂದ ಹೊರಟರೂ ಕೊನೆಗೆ ಬಂದು ಮುಟ್ಟುವುದು ನಮ್ಮ ಜಮೀನಿನ ದಾಖಲೆಯನ್ನು.

ಇದರ ಭಾರ ಎಷ್ಟೆಂಬುದಕ್ಕೆ ಒಂದು ಲೆಕ್ಕ ನೋಡೋಣ. ಇದು ಕೇವಲ ಉದಾಹರಣೆ. ಒಬ್ಬ ಬೆಳೆಗಾರರು ನಿಗದಿಯಾದ ಕನಿಷ್ಠ ವೇತನಕ್ಕಿಂತ ದಿನಕ್ಕೆ 60 ರೂ. ಕಡಿಮೆ ಕೊಡುತ್ತಿದ್ದಾರೆ. ಆಳುಗಳು 8 ಮಂದಿ. ವರ್ಷಕ್ಕೆ 150 ದಿನದ ಕೆಲಸ.

ದಿನಕ್ಕೆ ಕಡಿಮೆಯಾದದ್ದು: 60 × 8 = ರೂ. 480
ವರ್ಷಕ್ಕೆ: 480 × 150 = ರೂ. 72,000
ಮೂರು ವರ್ಷಕ್ಕೆ: ರೂ. 2,16,000

ಈ ಎರಡು ಲಕ್ಷ ಹದಿನಾರು ಸಾವಿರ ಅಸಲು ಬಾಕಿ. ಇದರ ಮೇಲೆ ಪರಿಹಾರವಾಗಿ ಬಾಕಿಯ ಹತ್ತು ಪಟ್ಟಿನವರೆಗೆ ಕೊಡಿಸುವ ಅಧಿಕಾರ ಆ ಅಧಿಕಾರಿಗೆ ಇದೆ. ಹತ್ತು ಪಟ್ಟು ಎಂದರೆ ರೂ. 21,60,000. ಪ್ರತಿ ಪ್ರಕರಣದಲ್ಲೂ ಹತ್ತು ಪಟ್ಟು ಹಾಕುತ್ತಾರೆಂದಲ್ಲ. ಅದು ಗರಿಷ್ಠ ಮಿತಿ. ಮಾಲೀಕನ ನಡತೆ, ತಡ, ಕಾರಣ ಇವನ್ನು ನೋಡಿ ನಿರ್ಧರಿಸುತ್ತಾರೆ. ಆದರೆ ವಿಚಾರಣೆಗೇ ಹೋಗದವರ ಪರವಾಗಿ ಆ ಕಾರಣಗಳನ್ನು ಹೇಳುವವರು ಯಾರು?

“ಈ ವರ್ಷ ಕೊಳೆ ರೋಗದಿಂದ ಅಡಿಕೆ ಉದುರಿತು, ಕಾಫಿಗೆ ಬೆಲೆ ಇಲ್ಲ, ಎಲ್ಲಿಂದ ಕೊಡಲಿ?” ಎಂಬ ಮಾತು ಮನುಷ್ಯ ಸಹಜವಾದದ್ದು. ಆದರೆ ಕನಿಷ್ಠ ವೇತನದ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಕೊಡುವ ಶಕ್ತಿ ಇಲ್ಲವೆಂಬುದು ಕನಿಷ್ಠ ವೇತನ ತಪ್ಪಿಸಲು ಕಾರಣವಾಗದೆಂದು ಸುಪ್ರೀಂ ಕೋರ್ಟು 1961ರಲ್ಲೇ ಕೇರಳದ ಉಣಿಚ್ಚೋಯಿ ಪ್ರಕರಣದಲ್ಲಿ ಹೇಳಿದೆ. ಅದು ಹೆಂಚಿನ ಕಾರ್ಖಾನೆಗಳ ಪ್ರಕರಣವಾದರೂ ತತ್ವ ಎಲ್ಲರಿಗೂ ಒಂದೇ.

ಜಾರಿ ಹಂತದಲ್ಲಿ ಏನು ಹೇಳಬಹುದು?

ನಮ್ಮ ಸದಸ್ಯರು ತಹಸೀಲ್ದಾರರ ಮುಂದೆ ಹೋಗಿ ಇಡೀ ಕಥೆ ಹೇಳಿದರಂತೆ. ಆಳು ಹೇಳದೆ ಹೋದದ್ದು, ತಾವು ಅವನ ಮಗಳ ಮದುವೆಗೆ ಹಣ ಕೊಟ್ಟದ್ದು, ಎಲ್ಲವನ್ನೂ. ಅವರು ಸಮಾಧಾನದಿಂದ ಕೇಳಿ, “ಇದನ್ನೆಲ್ಲ ನೀವು ಕೋರ್ಟಿನಲ್ಲಿ ಹೇಳಬೇಕಿತ್ತು. ನನ್ನ ಮುಂದಿರುವುದು ಪ್ರಮಾಣಪತ್ರ ಮಾತ್ರ” ಎಂದರಂತೆ. ಅವರು ಹೇಳಿದ್ದು ಸರಿ. ವಸೂಲಿ ಮಾಡುವ ಅಧಿಕಾರಿ ತೀರ್ಪಿನ ಸರಿತಪ್ಪು ನೋಡುವಂತಿಲ್ಲ. ತಗಾದೆ ನೋಟೀಸು, ಚರ ಸ್ವತ್ತಿನ ಜಪ್ತಿ, ಅದು ಸಾಲದಿದ್ದರೆ ಜಮೀನಿನ ಜಪ್ತಿ ಮತ್ತು ಹರಾಜು ಎಂದು ಕ್ರಮವಾಗಿ ಮುಂದುವರಿಯುವುದು ಅವರ ಕರ್ತವ್ಯ. ಹರಾಜಿನವರೆಗೆ ಹೋಗದಿದ್ದರೂ, ಪಹಣಿಯ ಋಣಗಳ ಕಲಮಿನಲ್ಲಿ ಬಾಕಿ ನಮೂದಾದರೆ ಬೆಳೆಸಾಲಕ್ಕೆ, ಪಾಲುಪಟ್ಟಿಗೆ, ಕ್ರಯಕ್ಕೆ ಎಲ್ಲದಕ್ಕೂ ಅಡ್ಡಿ.

ಹಾಗೆಂದು ಮಾಲೀಕನಿಗೆ ಯಾವ ರಕ್ಷಣೆಯೂ ಇಲ್ಲವೆಂದು ತಿಳಿಯಬಾರದು. ಮೊತ್ತದ ಲೆಕ್ಕ ಮಾಡುವ ಹಂತದಲ್ಲಿ ಒಂದು ದೊಡ್ಡ ಮಿತಿ ಇದೆ. ಈಗಾಗಲೇ ತೀರ್ಮಾನವಾದ ಅಥವಾ ಮಾಲೀಕನೇ ಒಪ್ಪಿದ ಹಕ್ಕಿನ ಮೊತ್ತವನ್ನು ಮಾತ್ರ ಅಲ್ಲಿ ಲೆಕ್ಕ ಹಾಕಬಹುದು. ಹಕ್ಕು ಉಂಟೋ ಇಲ್ಲವೋ ಎಂಬುದೇ ವಿವಾದವಾಗಿದ್ದರೆ ಅದನ್ನು ಅಲ್ಲಿ ಹೊಸದಾಗಿ ತೀರ್ಮಾನಿಸುವಂತಿಲ್ಲ. ದೆಹಲಿ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. 2022ರಲ್ಲಿ ಬಾಂಬೆ ಕೆಮಿಕಲ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಮತ್ತೆ ಹೇಳಿತು. “ಈತ ನನ್ನ ತೋಟದ ಆಳೇ ಅಲ್ಲ” ಎಂಬ ನಿಜವಾದ ತಕರಾರು ಇದ್ದರೆ ಅದನ್ನು ಆ ಹಂತದಲ್ಲೇ ಬರವಣಿಗೆಯಲ್ಲಿ ಎತ್ತಬೇಕು. ಐತೀರ್ಪಿನ ನಂತರ ಕೊಟ್ಟ ಹಣಕ್ಕೆ ರಸೀದಿ ಇದ್ದರೆ, ಅಥವಾ ಲೆಕ್ಕದಲ್ಲಿ ಕೂಡು ತಪ್ಪು ಇದ್ದರೆ, ಅದನ್ನೂ ತೋರಿಸಬಹುದು.

ಏಕಪಕ್ಷೀಯ ಐತೀರ್ಪನ್ನು ರದ್ದು ಮಾಡಿಸಿ ಮರುವಿಚಾರಣೆ ಕೇಳಲೂ ಅವಕಾಶವಿದೆ. ಐತೀರ್ಪು ಮೂವತ್ತು ದಿನ ಕಳೆದ ಮೇಲೆ ಜಾರಿಗೆ ಯೋಗ್ಯವಾಗುತ್ತದೆ. ಹಳೆಯ ಕಾಯಿದೆಯಲ್ಲಿ ಈ ಮೂವತ್ತು ದಿನವನ್ನು ಐತೀರ್ಪು ಪ್ರಕಟವಾದಂದಿನಿಂದ ಎಣಿಸುತ್ತಿದ್ದರು, ಹೊಸದರಲ್ಲಿ ಅದನ್ನು ತಿಳಿಸಿದ ದಿನದಿಂದ ಎಣಿಸುತ್ತಾರೆ. ಆ ಅವಧಿ ಮೀರಿದ ಮೇಲೆ ಅರ್ಜಿಯೇ ಇಲ್ಲವೆಂಬ ಅಭಿಪ್ರಾಯ ಒಂದು ಕಾಲಕ್ಕೆ ಇತ್ತು. 2018ರಲ್ಲಿ ಹರಿಯಾಣ ಸೂರಜ್ ಮಾಲ್ಟಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಾಜರಾಗದಿರಲು ಸಾಕಷ್ಟು ಕಾರಣವಿದ್ದರೆ ಆನಂತರವೂ ಪರಿಶೀಲಿಸಬಹುದೆಂದು ಹೇಳಿತು. ಆದರೆ ಕಾರಣ ನಿಜವಾಗಿರಬೇಕು. ಆಸ್ಪತ್ರೆಯಲ್ಲಿದ್ದೆ, ನೋಟೀಸೇ ಮುಟ್ಟಲಿಲ್ಲ ಎಂಬುದು ಕಾರಣ. ಕ್ಯಾಲೆಂಡರಿನ ಹಿಂದೆ ಇಟ್ಟು ಮರೆತೆ ಎಂಬುದು ಕಾರಣವಲ್ಲ.

ಮೇಲಿನ ಕೋರ್ಟಿಗೆ ಹೋದರೆ

ವೇತನ ಸಂಹಿತೆಯ ಆದೇಶದ ಮೇಲೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಐತೀರ್ಪಿನ ಮೇಲೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಆದರೆ ಮೇಲಕ್ಕೆ ಹೋದ ಮಾತ್ರಕ್ಕೆ ಕೆಳಗಿನ ಆದೇಶ ತಾನಾಗಿ ನಿಲ್ಲುವುದಿಲ್ಲ. ತಡೆಯಾಜ್ಞೆ ಕೇಳಬೇಕು. ಕೋರ್ಟು ಅದನ್ನು ಕೊಡುವಾಗ ಮೊತ್ತದ ಒಂದು ಪಾಲನ್ನು ಠೇವಣಿ ಇಡಿ ಎಂಬ ಷರತ್ತು ಹಾಕುವುದು ರೂಢಿಯಲ್ಲಿದೆ.

ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕೆಂಬ ಐತೀರ್ಪನ್ನು ಹೈಕೋರ್ಟಿನಲ್ಲೋ ಸುಪ್ರೀಂ ಕೋರ್ಟಿನಲ್ಲೋ ಪ್ರಶ್ನಿಸಿದರೆ ಇನ್ನೊಂದು ಭಾರವಿದೆ. ಕಾರ್ಮಿಕನು ತಾನು ಬೇರೆಲ್ಲೂ ಕೆಲಸದಲ್ಲಿಲ್ಲವೆಂದು ಪ್ರಮಾಣಪತ್ರ ಸಲ್ಲಿಸಿದರೆ, ಪ್ರಕರಣ ಮುಗಿಯುವವರೆಗೂ ಅವನು ಕೊನೆಯಲ್ಲಿ ಪಡೆಯುತ್ತಿದ್ದ ಪೂರ್ಣ ವೇತನವನ್ನು ಕೊಡುತ್ತಿರಬೇಕು. 1984ರಿಂದ ಜಾರಿಯಲ್ಲಿದ್ದ 17ಬಿ ಕಲಂ ಇದೇ. ಹೊಸ ಸಂಹಿತೆಯಲ್ಲಿ ಇದು 56ನೆಯ ಕಲಂ. ಕಾರ್ಮಿಕ ಬೇರೆಲ್ಲಾದರೂ ಸಾಕಷ್ಟು ಸಂಪಾದಿಸುತ್ತಿದ್ದಾನೆಂದು ಮಾಲೀಕನು ರುಜುವಾತು ಮಾಡಿದರೆ ಮಾತ್ರ ಇದರಿಂದ ಬಿಡುಗಡೆ. ಆರು ಎಕರೆಯ ಬೆಳೆಗಾರ ಹಟಕ್ಕಾಗಿ ಹೈಕೋರ್ಟಿಗೆ ಹೋಗುವ ಮೊದಲು ವಕೀಲರ ಶುಲ್ಕ, ಬೆಂಗಳೂರಿಗೆ ಓಡಾಟ, ಈ ತಿಂಗಳ ವೇತನ ಮೂರನ್ನೂ ಕೂಡಿ ನೋಡಬೇಕು.

ನಾವು ಎಡವುವ ಜಾಗಗಳು

ಮೇಸ್ತ್ರಿಯ ಲೆಕ್ಕ: ಕುಯ್ಲಿನ ಕಾಲದಲ್ಲಿ ಹೊರಗಿನಿಂದ ಆಳು ತರುವ ಮೇಸ್ತ್ರಿಗೆ ಒಟ್ಟು ಹಣ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಮೇಸ್ತ್ರಿ ಆಳುಗಳಿಗೆ ಕೊಡದೆ ಹೋದರೆ ತೋಟದ ಒಡೆಯನೇ ಹೊಣೆಯಾಗುವಂತೆ ವೇತನ ಸಂಹಿತೆಯ 43ನೆಯ ಕಲಂ ಹೇಳುತ್ತದೆ. ಮೇಸ್ತ್ರಿ ಮೂಲಕವೇ ಕೊಟ್ಟರೂ ಬಟವಾಡೆ ನಮ್ಮ ಎದುರಿಗೆ ಆಗಬೇಕು, ಪ್ರತಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟು ಬೇಕು.

ಮುಂಗಡ: ಕೆಲಸಕ್ಕೆ ಬರುವ ಮೊದಲು ಕೊಟ್ಟ ಮುಂಗಡವನ್ನು ಕೂಲಿಯಲ್ಲಿ ಹಿಡಿಯಬಹುದು, ಆದರೆ ಬರುವ ಪ್ರಯಾಣದ ಖರ್ಚಿಗೆಂದು ಕೊಟ್ಟದ್ದನ್ನು ಹಿಡಿಯುವಂತಿಲ್ಲ. ಎಲ್ಲ ಕಡಿತವೂ ಸೇರಿ ಆ ಅವಧಿಯ ಕೂಲಿಯ ಅರ್ಧವನ್ನು ಮೀರಕೂಡದು. “ಮುಂಗಡ ತೀರುವವರೆಗೆ ಹೋಗಕೂಡದು” ಎಂದು ತಡೆದರೆ ಅದು 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆಯ ಮಾತಾಗುತ್ತದೆ. ಆ ಕಡೆ ಹೋಗಲೇಬಾರದು.

ಕೆಲಸ ಬಿಟ್ಟವನ ಬಾಕಿ: ತಿಂಗಳ ಕೂಲಿಯಾದರೆ ಮುಂದಿನ ತಿಂಗಳ 7ನೆಯ ದಿನದೊಳಗೆ, ದಿನಗೂಲಿಯಾದರೆ ಅಂದಿನ ಕೆಲಸ ಮುಗಿದಾಗ ಕೊಡಬೇಕು. ಕೆಲಸದಿಂದ ತೆಗೆದರೂ, ಅವನೇ ಬಿಟ್ಟರೂ, ಎರಡು ಕೆಲಸದ ದಿನಗಳೊಳಗೆ ಲೆಕ್ಕ ತೀರಿಸಬೇಕು. ಆಳು ತೀರಿಹೋಗಿದ್ದು ನಾಮಿನಿ ಇಲ್ಲದಿದ್ದರೆ, ಅಥವಾ ಎಲ್ಲಿಗೆ ಹೋದನೆಂದು ತಿಳಿಯದಿದ್ದರೆ, ಆ ಹಣವನ್ನು ನಿಗದಿತ ಅಧಿಕಾರಿಯಲ್ಲಿ ಠೇವಣಿ ಇಡಲು ಕಾಯಿದೆಯಲ್ಲೇ ದಾರಿ ಇದೆ. ಹಾಗೆ ಇಟ್ಟರೆ ನಮ್ಮ ಹೊಣೆ ಕಳೆಯುತ್ತದೆ.

ಪುಸ್ತಕವಿಲ್ಲದಿರುವುದು: ಕೂಲಿ ಕೊಟ್ಟಿಲ್ಲ ಅಥವಾ ಕಡಿಮೆ ಕೊಟ್ಟರು ಎಂದು ಅರ್ಜಿ ಬಿದ್ದಾಗ, ಕೊಟ್ಟದ್ದು ನಿಜವೆಂದು ರುಜುವಾತು ಮಾಡುವ ಭಾರ ಮಾಲೀಕನ ಮೇಲೆ. ಇದು ವೇತನ ಸಂಹಿತೆಯ 59ನೆಯ ಕಲಂ. ವ್ಯವಸಾಯಕ್ಕೆ ಐವರಿಗಿಂತ ಹೆಚ್ಚು ಆಳುಗಳಿಲ್ಲದವರಿಗೆ ರಿಜಿಸ್ಟರು ಇಡುವುದರಿಂದ ವಿನಾಯಿತಿ ಇದೆ. ಆದರೆ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ತಕ್ಕ ಪುರಾವೆ ತೋರಿಸಲೇಬೇಕು. ವಿನಾಯಿತಿ ಸಿಕ್ಕಿದ್ದು ರಿಜಿಸ್ಟರಿಗೆ, ಪುರಾವೆಗಲ್ಲ.

ಸದಸ್ಯರು ಈಗಲೇ ಮಾಡಬೇಕಾದದ್ದು

1. ಹಾಜರಿ ಮತ್ತು ಬಟವಾಡೆಗೆ ಒಂದು ಗಟ್ಟಿ ರಟ್ಟಿನ ಪುಸ್ತಕ ಇಡಿ. ತಾರೀಖು, ಹೆಸರು, ಕೆಲಸ, ದರ ಅಥವಾ ಕಿಲೋ, ಕೊಟ್ಟ ಹಣ, ಸಹಿ. ದೊಡ್ಡ ಎಸ್ಟೇಟಿನ ಚೆಕ್‌ರೋಲಿನಷ್ಟು ವಿವರ ಬೇಡ. ಆದರೆ ಅಂದಂದಿನದನ್ನು ಅಂದೇ ಬರೆಯಿರಿ.

2. ಸಾಧ್ಯವಾದಷ್ಟು ಬ್ಯಾಂಕ್ ಖಾತೆಗೆ ಕೊಡಿ. ಪಾಸ್‌ಬುಕ್ಕಿನ ನಮೂದು ಒಳ್ಳೆಯ ಸಾಕ್ಷಿ.

3. ಅರ್ಜಿಯ ವಾಯಿದೆ 3 ವರ್ಷವಾದ್ದರಿಂದ ಹಳೆಯ ಪುಸ್ತಕಗಳನ್ನು ಒಲೆಗೆ ಹಾಕಬೇಡಿ. ಗೆದ್ದಲು, ಮಳೆಗಾಲದ ತೇವ ತಾಗದಂತೆ ಇಡಿ.

4. ಪ್ರತಿ ವರ್ಷ ಕನಿಷ್ಠ ವೇತನದ ದರ ಮತ್ತು ತುಟ್ಟಿಭತ್ಯೆ ಎಷ್ಟಾಗಿದೆ ಎಂದು ಕಾರ್ಮಿಕ ಇಲಾಖೆಯಲ್ಲೋ ಸಂಘದ ಕಚೇರಿಯಲ್ಲೋ ವಿಚಾರಿಸಿ. ಪಕ್ಕದ ತೋಟದವರು ಕೊಡುವುದೇ ದರ ಎಂದು ತಿಳಿಯಬೇಡಿ.

5. ಇಲಾಖೆ ಅಥವಾ ಕೋರ್ಟಿನಿಂದ ಯಾವ ಕಾಗದ ಬಂದರೂ ಬಂದ ತಾರೀಖನ್ನು ಅದರ ಮೇಲೆ ಬರೆದು, ಒಂದು ವಾರದೊಳಗೆ ತಿಳಿದವರಿಗೆ ತೋರಿಸಿ. ಅಂಚೆ ಲಕೋಟೆಯನ್ನೂ ಇಟ್ಟುಕೊಳ್ಳಿ.

6. ರಾಜಿ ಸಂಧಾನಕ್ಕೆ ಕರೆದಾಗ ತಪ್ಪದೆ ಹೋಗಿ. ಖರ್ಚು ಅತ್ಯಂತ ಕಡಿಮೆ ಇರುವುದು ಅಲ್ಲಿ. ತಪ್ಪಿದ್ದರೆ ಒಪ್ಪಿ ತೀರಿಸಿ. ತಪ್ಪಿಲ್ಲದಿದ್ದರೆ ಪುಸ್ತಕ ತೋರಿಸಿ ಬರವಣಿಗೆಯಲ್ಲಿ ಉತ್ತರ ಕೊಡಿ.

7. ತೀರ್ಪಾದ ಮೇಲೆ ಹಣ ಕೊಡುವುದಾದರೆ ಅಧಿಕಾರಿಯ ಎದುರಿನಲ್ಲಿ ಕೊಟ್ಟು, ಪೂರ್ಣ ಸಂದಾಯವಾಯಿತೆಂದು ಕಡತದಲ್ಲಿ ದಾಖಲು ಮಾಡಿಸಿ. ಪಹಣಿಯಲ್ಲಿ ನಮೂದಾಗಿದ್ದರೆ ಅದನ್ನು ತೆಗೆಸುವವರೆಗೆ ಕೆಲಸ ಮುಗಿದಂತಲ್ಲ.

ಕೊನೆಯ ಮಾತು

ನಮ್ಮ ಸದಸ್ಯರ ಪ್ರಕರಣ ಹೇಗೆ ಮುಗಿಯಿತೆಂದು ಕೇಳುವಿರಿ. ಏಕಪಕ್ಷೀಯ ಐತೀರ್ಪು ರದ್ದು ಮಾಡಿಸಲು ಹೇಳಿಕೊಳ್ಳುವಂಥ ಕಾರಣ ಅವರ ಬಳಿ ಇರಲಿಲ್ಲ. ಸಂಘದ ಇಬ್ಬರು ನಿರ್ದೇಶಕರು ಅವರನ್ನು ಕರೆದುಕೊಂಡು ಆ ಆಳು ಈಗಿರುವ ಊರಿಗೆ ಹೋದರು. ಆತ ಬಾಗಿಲಲ್ಲೇ ನಿಂತು, “ಬನ್ನಿ ಅಯ್ಯಾ, ಕೂತ್ಕೊಳ್ಳಿ” ಎಂದ. ಅವನ ಹೆಂಡತಿ ಕಾಫಿ ಕೊಟ್ಟಳು. ಮಾತು ಬಹಳ ಹೊತ್ತು ನಡೆಯಿತು. ಮತ್ತೆ ತೋಟಕ್ಕೆ ಬರಲು ಆತ ಒಪ್ಪಲಿಲ್ಲ. ಹಣವನ್ನು ಎರಡು ಕಂತಿನಲ್ಲಿ, ಒಂದನ್ನು ಕಾಫಿ ಮಾರಿದಾಗ, ಇನ್ನೊಂದನ್ನು ಅಡಿಕೆ ಮಾರಿದಾಗ ಕೊಡುವುದೆಂದು ಕಾರ್ಮಿಕ ಅಧಿಕಾರಿಯ ಎದುರು ಬರೆದಾಯಿತು. ಆ ವರ್ಷ ಕಾಫಿ ಗಿಡಕ್ಕೆ ಗೊಬ್ಬರ ಬೀಳಲಿಲ್ಲ. ಮನೆಯ ಮಾಡಿನ ರಿಪೇರಿ ಮುಂದಕ್ಕೆ ಹೋಯಿತು. ಆದರೆ ಜಮೀನು ಉಳಿಯಿತು.

ಹೊರಡುವಾಗ ಆ ಆಳು ಹೇಳಿದ ಮಾತು ಹೀಗಿತ್ತು: “ಅವತ್ತು ಸಂಧಾನಕ್ಕೆ ಕರೆದಾಗ ನೀವು ಬಂದಿದ್ರೆ, ಹದಿನೈದು ದಿನದ ಕೂಲಿ ಕೊಟ್ಟು ಬಾ ಅಂದಿದ್ರೆ, ಮಾರನೇ ದಿನ ಬರ್ತಿದ್ದೆ ಅಯ್ಯಾ. ಮೂರು ಸಲ ಪೇಟೆಗೆ ಹೋಗಿ ಬೆಂಚಿನ ಮೇಲೆ ಕೂತೆ. ನೀವು ಬರ್ಲೇ ಇಲ್ಲ.”

ಹದಿನೈದು ದಿನದ ಕೂಲಿಯಲ್ಲಿ ಮುಗಿಯಬೇಕಿದ್ದದ್ದು ಮೂರು ಲಕ್ಷ ಎಂಬತ್ತು ಸಾವಿರವಾಯಿತು. ನೋಟೀಸು ಬಂದ ಸದಸ್ಯರು ಸಂಕೋಚಪಡದೆ ಸಂಘದ ಕಚೇರಿಗೆ ಬಂದು ತೋರಿಸಬೇಕೆಂದು ಕೋರುತ್ತೇವೆ. ತಹಸೀಲ್ದಾರರ ನೋಟೀಸು ಬರುವವರೆಗೆ ಕಾಯಬೇಡಿ. ಮೊದಲ ಕಾಗದ ಬಂದ ದಿನವೇ ಬನ್ನಿ.